ಮೂರೇ ಎಂಎಲ್‌ಎ ಇದ್ರೂ ಸರ್ಕಾರದ ಕಿವಿ ಹಿಡಿಯೋದು ಹೆಂಗ?

"ಎರಡು-ಮೂರು ಸೀಟ್ ಗೆದ್ದ ಪಾರ್ಟಿಗೆ ತನ್ನ ಮಾತು ನಡೆಸ್ಕೊಳ್ಳೋ ತಾಕತ್ತು ಎಲ್ಲಿಂದ ಬರ್ತೈತಿ?" ಅಂತ ಕೇಳೀರಿ. ನಾ ಹುಬ್ಬಳ್ಳಿಯಾಂವ, ಹದಿನೆಂಟು ವರ್ಷ ಆತು ವಾಸ್ಕೋದಾಗ ಕಿರಾಣಿ ಅಂಗಡಿ ಇಟ್ಕೊಂಡು, ಇದನ್ನ ಕಣ್ಣಾರೆ ನೋಡೀನಿ.

2017ರಾಗ ಗೋವಾದ 40 ಸೀಟಿನ್ಯಾಗ (ಬಹುಮತಕ್ಕ 21 ಬೇಕು) ಕಾಂಗ್ರೆಸ್‌ಗೆ 17, ಬಿಜೆಪಿಗೆ 13, ವಿಜಯ್ ಸರ್ದೇಸಾಯಿ ಅವರ ಗೋವಾ ಫಾರ್ವರ್ಡ್‌ಗೆ ಬರೇ 3. ಪ್ರಚಾರದಾಗ ಬಿಜೆಪಿಗೆ ಬೈಕೋಂತ ತಿರುಗಿದವ್ರು ರಿಸಲ್ಟ್ ಬಂದ ಕೂಡ್ಲೇ ಬಿಜೆಪಿಯ ಮನೋಹರ್ ಪರ್ರಿಕರ್ ಸಿಎಂ ಆದ್ರ ನಾವು ಬರ್ತೀವಿ ಅಂದ್ರು, ಆ ಮನಷ್ಯಾ ಡಿಫೆನ್ಸ್ ಮಿನಿಸ್ಟರ್ ಕುರ್ಚಿ ಬಿಟ್ಟು ದಿಲ್ಲಿಯಿಂದ ಪಣಜಿಗೆ ಬಂದ್ರು, ಇವ್ರು ಮೂರೂ ಮಂದಿ ಮಂತ್ರಿ ಆದ್ರು. ಇಲ್ಲಿ ಸಿಎಂ ಹಿಡಿದು 12 ಮಂತ್ರಿ ಅಷ್ಟೇ, ಅಂದ್ರ ಮೂರು ಸೀಟಿಗೆ ಕ್ಯಾಬಿನೆಟ್ಟಿನ ಕಾಲು ಭಾಗ! ಖಾತೆನೂ ನೋಡ್ರಿ, ಸರ್ದೇಸಾಯಿಗೆ ಟೌನ್ ಪ್ಲಾನಿಂಗ್, ಅಂದ್ರ ಯಾವ ಹೊಲ ಸೈಟ್ ಆಗ್ಬೇಕು ಅನ್ನೋ ಫೈಲು. ಅದೇ ಪಾರ್ಟಿಯ ವಿನೋದ್ ಪಾಳ್ಯೇಕರ್‌ಗೆ ನೀರಿನ ಖಾತೆ.

ಆ ನೀರಿನ ಖಾತೆ ನಮಗ ನೆಟ್ಟಗ ತಟ್ಟಿತು. ಡಿಸೆಂಬರ್‌ನಾಗ ಪರ್ರಿಕರ್ ಯಡಿಯೂರಪ್ಪನವ್ರಿಗೆ ಲೆಟರ್ ಬರದ್ರು, ಮಹದಾಯಿಯ ಕುಡಿಯೋ ನೀರಿಗೆ ನಮ್ಮ ತಕರಾರಿಲ್ಲ ಅನ್ನೋ ಅರ್ಥದ್ದು (ಕರ್ನಾಟಕದಾಗ ಎಲೆಕ್ಷನ್ ಹತ್ರ ಇತ್ತಲ್ಲ). ಪಾಳ್ಯೇಕರ್ ಮಾತ್ರ ಬಗ್ಗಲಿಲ್ಲ, ಬೆಳಗಾವಿ ಜಿಲ್ಲೆಯ ಕಣಕುಂಬಿಗೆ ಹೋಗಿ ಮಹದಾಯಿ ನೀರಿಗೆ ಕರ್ನಾಟಕ ತೋಡಿದ ಕಾಲುವೆ ನೋಡಿ ಬಂದು ಕನ್ನಡಿಗರಿಗೆ ಒಂದು ಹೊಲಸು ಬೈಗುಳನೂ ಬೈದ್ರು. ಜನವರಿ 25ಕ್ಕ ಕರ್ನಾಟಕ ಬಂದ್, ಅವ್ವ ಕಳಿಸಿದ ಜ್ವಾಳದ ರೊಟ್ಟಿ ಗಂಟು ತರಾಕ ನಾ ಮಡಗಾಂವ್ ಸ್ಟ್ಯಾಂಡಿನ್ಯಾಗ ಕುಂತೇ ಕುಂತೆ, ಹುಬ್ಬಳ್ಳಿ ಬಸ್ಸೇ ಇಲ್ಲ. ಸಿಟ್ಟು ಬಂದಿತ್ತು ಖರೆ, ಆದ್ರ ತಮ್ಮ ಓಟರ್‌ಗೆ ಬೇಕಾದ್ದನ್ನ ಆ ಪಾರ್ಟಿ ಮಾಡ್ತು ಅಂತ ಒಪ್ಪಬೇಕು.

ಅಂಗಡಿಯವನ ಲೆಕ್ಕದಾಗ ಹೇಳ್ತೀನಿ, ತಕ್ಕಡಿ ಸಮ ನಿಂತಾಗಷ್ಟೇ 50 ಗ್ರಾಂ ಕಲ್ಲಿಗೆ ಕಿಮ್ಮತ್ತು. 2019ರ ಮಾರ್ಚ್‌ನಾಗ ಪರ್ರಿಕರ್ ತೀರ್ಕೊಂಡ್ರು, ಜುಲೈದಾಗ ಕಾಂಗ್ರೆಸ್ಸಿನ್ಯಾಗ ಆಗ ಇದ್ದ 15ರಾಗ 10 ಮಂದಿ ಬಿಜೆಪಿಗೆ ಹಾರಿದ್ರು, ಅಷ್ಟೊತ್ತಿಗೆ 17 ಇದ್ದ ಬಿಜೆಪಿ 27 ಆತು, ಮೂರೇ ದಿನಕ್ಕ ಗೋವಾ ಫಾರ್ವರ್ಡ್‌ನ ಮೂರೂ ಮಂತ್ರಿಗಳು ಹೊರಗ. 10 ಯಾಕಂದ್ರ ಮೂರರಾಗ ಎರಡು ಪಾಲು ಒಟ್ಟಿಗೆ ಹೋಗಿ ಮರ್ಜ್ ಅಂದ್ರ ಪಕ್ಷಾಂತರ ಕಾಯ್ದೆ ಹಿಡಿಯಂಗಿಲ್ಲ. ಸಣ್ಣ ಪಾರ್ಟಿ ಇದಕ್ಕ ಭಾಳ ಸಸಾರ, ಮೂರು ಮಂದಿ ಇದ್ರ ಇಬ್ಬರನ್ನ ಒಲಿಸಿದ್ರ ಮುಗೀತು. ಸರ್ಕಾರದಾಗಿದ್ದ ಇನ್ನೊಂದು ಸಣ್ಣ ಪಾರ್ಟಿ ಎಂಜಿಪಿಗೆ (ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ, ಅದಕ್ಕೂ ಮೂರೇ ಸೀಟು) ಹಂಗೇ ಆತು, ಅದೇ ಮಾರ್ಚ್‌ನಾಗ ರಾತ್ರೋರಾತ್ರಿ ಇಬ್ಬರು ಹೋದ್ರು, ಡೆಪ್ಯುಟಿ ಸಿಎಂ ಆಗಿದ್ದ ಸುದಿನ್ ಧವಳಿಕರ್ ಒಬ್ರೇ ಉಳದ್ರು, ಕುರ್ಚಿನೂ ಹೋತು.

2022ರಾಗ ಎಂಜಿಪಿ ಎರಡು ಸೀಟ್ ಗೆದ್ದು ಮತ್ತ ಬಿಜೆಪಿ ಕೂಡ ಹೋತು, ಧವಳಿಕರ್‌ಗೆ ಕರೆಂಟ್ ಖಾತೆನೂ ಸಿಕ್ತು. ಆದ್ರ ಬಿಜೆಪಿ ಕಡೆ ಆಗಲೇ 20 ಇತ್ತು, ಮೂವರು ಪಕ್ಷೇತರರೂ ಬಂದಿದ್ರು. ಸಿಎಂ ಯಾರಾಗಬೇಕು ಅಂತ ಈ ಸಲ ಇವ್ರನ್ನ ಯಾರು ಕೇಳ್ತಾರ?