ಗೈಡ್ ಇಲ್ದೆ ಬೆಟ್ಟದ ಹಳ್ಳಿಗಳ ಇತಿಹಾಸ ತಿಳ್ಕೊಳ್ಳೋದು ಹೇಗೆ?

ಗೈಡ್ ಇಲ್ದೆ ನಾವೇ ನಡ್ಕೊಂಡು ಹೋಗಿ ಬೆಟ್ಟದ ಹಳ್ಳಿಗಳ ಹಳೇ ಕಥೆ ತಿಳ್ಕೊಳ್ಳಕ್ಕಾಗುತ್ತಾ ಅಂತ ಕೇಳಿದೀರ. ಖಂಡಿತ ಆಗುತ್ತೆ, ಆದ್ರೆ ಹೊರಡೋ ಮುಂಚೆ ಒಂದು ಹಳೇ ಮ್ಯಾಪು ಒಂದು ಹೊಸ ಮ್ಯಾಪು ಪಕ್ಕಪಕ್ಕ ಇಟ್ಕೊಂಡು ನೋಡಿ, ಹಳೇದ್ರಲ್ಲಿದ್ದು ಹೊಸದ್ರಲ್ಲಿ ಮಾಯ ಆಗಿರೋ ಕಾಲುದಾರಿ, ಮನೆಗಳು ಎಲ್ಲಿದ್ವೋ ಮೊದ್ಲು ಅಲ್ಲಿಗೇ ಹೋಗಿ.

ಹೋದ್ಮೇಲೆ ಅವಸರ ಮಾಡ್ಬೇಡಿ. ಕಾಡು ಬೆಳೆದಿರೋ ಇಳಿಜಾರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಗೋಡೆ ಕಂಡ್ರೆ ಅಲ್ಲಿ ಒಂದ್ಕಾಲದಲ್ಲಿ ಬೇಸಾಯ ಇದ್ದಿರ್ಬೇಕು, ಎಷ್ಟೋ ಕಡೆ ಗಾರೆ ಇಲ್ದೆ ಬರೀ ಕಲ್ಲು ಜೋಡ್ಸಿ ಕಟ್ಟಿರ್ತಾರೆ, ಸಂದಿಗಳಿಂದ ಮಳೆನೀರು ಹೊರಗೆ ಬಸಿದು ಹೋಗುತ್ತೆ, ಅದಕ್ಕೇ ಹಿಂದಿನ ಮಣ್ಣು ನೆಂದು ತಳ್ಳಿದ್ರೂ ಸುಲಭಕ್ಕೆ ಬೀಳಲ್ಲ. ಎಂಥಾ ಕೈಗಳು ಅವು! ಆ ಗೋಡೆ ಮೇಲೇ ಬೆಳೆದಿರೋ ಮರದ ದಪ್ಪ ನೋಡಿದ್ರೆ ಜನ ಬಿಟ್ಟು ಹೋಗಿ ಎಷ್ಟು ಕಾಲ ಆಗಿರ್ಬಹುದು ಅಂತ ಅಂದಾಜೂ ಸಿಗುತ್ತೆ. ತೊರೆ ಪಕ್ಕ ಸವೆದ ದೊಡ್ಡ ಬೀಸುಕಲ್ಲು ಬಿದ್ದಿದ್ರೆ ನೀರಿನ ಗಿರಣಿ ಇದ್ದಿರ್ಬಹುದು. ಸಮಾಧಿ ಕಲ್ಲುಗಳಲ್ಲಿ ಒಂದೇ ವರ್ಷ ತುಂಬಾ ಹೆಸರು ಕಂಡ್ರೆ ನಂಗೆ ಮುಂದಕ್ಕೆ ಕಾಲೇ ಬರಲ್ಲ, ರೋಗವೋ ಭೂಕುಸಿತವೋ ಅಂತ ಊರಿನ ಹಿರಿಯರನ್ನೇ ಕೇಳಿ.

ಟೈಮ್ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಸಾಕು: 5 ಕಿ.ಮೀ.ಗೆ 1 ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಂತು ನೋಡ್ತಾ ಹೋಗೋರು ಅದರ ಡಬಲ್ ಇಟ್ಕೊಳ್ಳಿ. ಪಾಳುಮನೆಗೂ ಮಾಲೀಕರಿರ್ತಾರೆ, ಕೇಳ್ದೆ ಒಳಗೆ ಹೋಗ್ಬೇಡಿ, ಒಂದು ಕಲ್ಲನ್ನೂ ಎತ್ಕೊಂಡು ಬರ್ಬೇಡಿ.