ವಿಂಡೋಸ್ ಮತ್ತೆ ಹಾಕಬೇಕಾಗಿಲ್ಲ

ಸರ್, 120 ಜಿಬಿ ಡಿಸ್ಕಿನ ವಿಂಡೋಸನ್ನು ಹಾಗೇ 500 ಜಿಬಿಗೆ ಸಾಗಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಡಿ, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಆಫ್ ಮಾಡಿ. ನೀವು ತುಮಕೂರಲ್ಲೇ ಇದ್ದೀರಲ್ವಾ, ಬಿ.ಎಚ್. ರಸ್ತೆ ಕಡೆ ಹೊಸ ಡಿಸ್ಕನ್ನು ಹೊರಗಿನಿಂದ ಜೋಡಿಸೋಕೆ ಯುಎಸ್‌ಬಿ ಸಾಟಾ ಕೇಬಲ್ ವಿಚಾರಿಸಿ. ಇಡೀ ಡಿಸ್ಕನ್ನು ಹಾಗೇ ನಕಲು ಮಾಡೋ ಕ್ಲೋನ್‌ಜಿಲ್ಲಾ ತಂತ್ರಾಂಶ ಉಚಿತ, ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಬೂಟ್ (ಶುರು) ಮಾಡಿ, ಹಳೆಯದು ಯಾವುದು ಹೊಸದು ಯಾವುದು ಅಂತ ಗಾತ್ರ ನೋಡಿ ಎರಡು ಸಲ ಖಚಿತ ಮಾಡಿಕೊಳ್ಳಿ, ಅದಲುಬದಲಾದರೆ ಇರೋದೆಲ್ಲ ಅಳಿಸಿಹೋಗುತ್ತೆ.

ನಾನು ಹೀಗೇ ನಕಲು ಮಾಡಿದಾಗ ಒದ್ದಾಡಿದ್ದು ಆಮೇಲೆ. ಸಿ ಡ್ರೈವ್ ಇನ್ನೂ 120ರಲ್ಲೇ ಇತ್ತು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದನ್ನು ಹಿಗ್ಗಿಸೋ ಎಕ್ಸ್‌ಟೆಂಡ್ ಅನ್ನೋ ಆಯ್ಕೆ ಮಬ್ಬಾಗಿ ಕೂತಿತ್ತು. ನೋಡಿದರೆ ಸಿ ಡ್ರೈವಿಗೂ ಖಾಲಿ ಜಾಗಕ್ಕೂ ಮಧ್ಯೆ ಪುಟ್ಟ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟರೆ ಸರಿಪಡಿಸೋಕೆ ಇರೋ ಭಾಗ)! ಡಿಸ್ಕಿನ ಭಾಗಗಳನ್ನು ಸರಿಸೋ ಜಿಪಾರ್ಟೆಡ್ ತಂತ್ರಾಂಶದಲ್ಲಿ ಅದನ್ನು ಕೊನೆಗೆ ಸರಿಸಿದ ಮೇಲೆ ಸರಿಹೋಯ್ತು. ಹೊಸದರಿಂದ ಮೊದಲ ಸಲ ಬೂಟ್ ಮಾಡುವಾಗ ಹಳೆಯದನ್ನು ಕಳಚಿಡಿ. ಒಂದು ವಾರ ಅದನ್ನು ಫಾರ್ಮ್ಯಾಟ್ ಮಾಡಬೇಡಿ.