ಯಾವ ಬಟ್ಟೆ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ?

ಮನಸ್ಸಿನ ತೊಂದರೆಗಳಿಗೆ ಸಮಾಲೋಚನೆ ನಡೆಸುವ ನನ್ನ ಹತ್ತಿರ ಈ ಪ್ರಶ್ನೆಯೊಂದಿಗೆ ಬರುವ ಹೆಂಗಸರು ಒಬ್ಬಿಬ್ಬರಲ್ಲ. ಸಭೆಯಲ್ಲಿ ಮಾತಾಡುವವರು, ಕ್ಯಾಮೆರಾ ಮುಂದೆ ಕೂರುವವರು, ಚುನಾವಣೆಗೆ ನಿಂತವರು, ಪಾಠ ಹೇಳುವವರು ಬರುತ್ತಾರೆ. ಮೊದಲ ಭೇಟಿಯಲ್ಲಿ ಹೇಳಿಕೊಳ್ಳುವ ತೊಂದರೆಯೇ ಬೇರೆ. ನಿದ್ರೆ ಬರುತ್ತಿಲ್ಲ, ಕಾರ್ಯಕ್ರಮದ ಹಿಂದಿನ ದಿನ ಹೊಟ್ಟೆ ಕೆಡುತ್ತದೆ, ವೇದಿಕೆ ಅಂದರೆ ಎದೆ ಹೊಡೆದುಕೊಳ್ಳುತ್ತದೆ. ಬಟ್ಟೆಯ ಮಾತು ಹೊರಬರುವುದು ತೀರಾ ತಡವಾಗಿ, ಅದೂ 'ಇಷ್ಟು ಸಣ್ಣ ವಿಷಯಕ್ಕೆ ನಿಮ್ಮ ಹತ್ತಿರ ಬಂದೆ' ಎಂಬ ಪೀಠಿಕೆಯೊಡನೆ. ಸಣ್ಣ ವಿಷಯವೆಂದು ತಳ್ಳಿಹಾಕಿದ್ದರಿಂದ ಏನೇನು ಕಳೆದುಹೋಗುತ್ತದೆ ಎಂಬುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅವರನ್ನು ಸುಮಾ ಎನ್ನೋಣ. ವಯಸ್ಸು ನಲವತ್ತು ದಾಟಿದೆ. ನೀರು ಪೂರೈಕೆಯ ಎಂಜಿನಿಯರ್. ಯೋಜನೆಯ ಲೆಕ್ಕಗಳನ್ನು ಸಾರ್ವಜನಿಕರಿಗೆ, ಪತ್ರಕರ್ತರಿಗೆ ವಿವರಿಸುವುದು ಅವರ ಕೆಲಸದ ಭಾಗ. ಒಂದು ಸಭೆ ಮುಗಿದ ಮೇಲೆ ಮೇಲಧಿಕಾರಿಯೊಬ್ಬರು 'ಇವತ್ತು ಸ್ವಲ್ಪ ಗ್ರ್ಯಾಂಡ್ ಆಯ್ತು ಅಲ್ವಾ' ಅಂದರು. ಮುಂದಿನ ಸಭೆಗೆ ಸಾದಾ ಬಟ್ಟೆಯಲ್ಲಿ ಹೋದರೆ ಅದೇ ವ್ಯಕ್ತಿ 'ಯಾಕೆ, ಹುಷಾರಿಲ್ವಾ?' ಅಂದರು. ಆಮೇಲೆ ಒಂದು ವಿಡಿಯೋ ಕೆಳಗೆ ಅವರ ಕೂದಲಿನ ಬಗ್ಗೆ ಬಂದ ಸಾಲು ಸಾಲು ಮಾತು. ಅಲ್ಲಿಂದ ಶುರು. ಕಾರ್ಯಕ್ರಮದ ಹಿಂದಿನ ಸಂಜೆ ಪೂರ್ತಿ ಕನ್ನಡಿಯ ಮುಂದೆ. ಫೋಟೋ ತೆಗೆದು ತಂಗಿಗೆ, ಗೆಳತಿಗೆ ಕಳಿಸಿ ಕೇಳುವುದು. ಅವರು 'ಚೆನ್ನಾಗಿದೆ' ಎಂದರೂ ಇನ್ನೊಂದು ಹಾಕಿ ಮತ್ತೆ ಕಳಿಸುವುದು. ಬರಬರುತ್ತಾ ಆಹ್ವಾನಗಳನ್ನೇ ಬೇಡವೆನ್ನುವುದು.

ತಮ್ಮ ವಿಡಿಯೋಗಳನ್ನು ಅವರು ದನಿ ನಿಲ್ಲಿಸಿ ನೋಡುತ್ತಿದ್ದರು ಎಂಬುದು ಮಾತಿನ ನಡುವೆ ಗೊತ್ತಾಯಿತು. ಅದನ್ನು ಕೇಳಿದ ಮೇಲೆ ಮುಂದಿನ ಭೇಟಿಯಲ್ಲಿ ನಾನು ಬಟ್ಟೆಯ ಸುದ್ದಿಗೇ ಹೋಗಲಿಲ್ಲ. ಹಿಂದಿನ ಸಭೆಯಲ್ಲಿ ಏನು ಮಂಡಿಸಿದಿರಿ ಎಂದು ಕೇಳಿದೆ.

'ಸೋರಿಕೆಯ ಲೆಕ್ಕ' ಎಂದು ಶುರುಮಾಡಿದವರು ಅಲ್ಲಿಗೇ ನಿಂತರು. ತುಂಬಾ ಹೊತ್ತಿನ ಮೇಲೆ, 'ಮೇಡಂ, ಏನು ಮಾತಾಡಿದೆ ಅಂತ ನೆನಪಾಗ್ತಿಲ್ಲ. ಯಾವ ಬಟ್ಟೆ ಹಾಕಿದ್ದೆ ಅಂತ ಕೇಳಿ, ಎರಡು ವರ್ಷದ್ದೂ ಹೇಳ್ತೀನಿ' ಅಂದರು.

'ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ ಏನು ಹಾಕಿದ್ರು?'

'ಗೊತ್ತಿಲ್ಲ. ಶರ್ಟು ಪ್ಯಾಂಟು ಇರಬೇಕು.'

'ಅವರು ಏನು ಮಾತಾಡಿದ್ರು, ಅದು ನೆನಪಿದೆಯಾ?'

'ಅದು ನೆನಪಿದೆ. ಪಂಪಿನ ಸಾಮರ್ಥ್ಯ ಹೇಳುವಾಗ ತಪ್ಪು ಅಂಕಿ ಕೊಟ್ರು. ನಾನು ತಿದ್ದಬೇಕಿತ್ತು. ತಿದ್ದಲಿಲ್ಲ.'

'ಯಾಕೆ?'

'ತಿದ್ದೋಕೆ ಎದ್ದು ನಿಲ್ಲಬೇಕಿತ್ತು.'

ಈ ಒಂದು ಮಾತಿಗಾಗಿಯೇ ಪ್ರಕರಣವನ್ನು ಬರೆಯುತ್ತಿದ್ದೇನೆ. ಆ ತಪ್ಪು ಅಂಕಿ ಸಭೆಯ ನಡಾವಳಿಯಲ್ಲಿ ಹಾಗೇ ದಾಖಲಾಯಿತು. ಇಡೀ ಕೋಣೆಯಲ್ಲಿ ಅದು ತಪ್ಪೆಂದು ಗೊತ್ತಿದ್ದದ್ದು ಒಬ್ಬರಿಗೆ, ಅವರು ಎದ್ದು ನಿಂತರೆ ಹೇಗೆ ಕಾಣುತ್ತೇನೋ ಎಂದು ಕೂತೇ ಇದ್ದರು. ನಷ್ಟ ಅವರೊಬ್ಬರದ್ದಲ್ಲ, ಆ ನೀರು ಕುಡಿಯಬೇಕಾದ ಎಲ್ಲರದ್ದು.

ಇದು ದುರ್ಬಲ ಮನಸ್ಸಿನ ಲಕ್ಷಣವಲ್ಲ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1997ರಲ್ಲಿ ಇದನ್ನು ವಿವರಿಸಿದ್ದಾರೆ. ಸದಾ ನೋಟಕ್ಕೆ ಗುರಿಯಾಗುವ ಹೆಂಗಸು ಕ್ರಮೇಣ ತನ್ನನ್ನು ತಾನೇ ಹೊರಗಿನವರ ಕಣ್ಣಿನಿಂದ ಕಾಯತೊಡಗುತ್ತಾಳೆ, ಗಮನದ ಒಂದು ಪಾಲು ಆ ಕಾವಲಿಗೇ ಹೋಗುತ್ತದೆ. ಮರುವರ್ಷ ಅವರ ತಂಡ ಮಾಡಿದ ಪ್ರಯೋಗದಲ್ಲಿ ಈಜುಡುಗೆ ತೊಟ್ಟು ಗಣಿತದ ಲೆಕ್ಕ ಮಾಡಿದ ಹೆಣ್ಣುಮಕ್ಕಳು, ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಗಂಡುಮಕ್ಕಳಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿ ನನ್ನದೇ ವೃತ್ತಿಯ ಕೆಲವರೊಡನೆ ನನ್ನ ತಕರಾರಿದೆ. 'ಯಾರೂ ನಿಮ್ಮನ್ನು ಅಷ್ಟೊಂದು ನೋಡುವುದಿಲ್ಲ, ಎಲ್ಲ ನಿಮ್ಮ ಕಲ್ಪನೆ' ಎಂದು ಸಮಾಧಾನ ಹೇಳುವ ರೂಢಿ ನಮ್ಮಲ್ಲಿದೆ. ಅದಕ್ಕೆ ಆಧಾರವಾಗಿ ತೋರಿಸುವುದು 2000ದಲ್ಲಿ ಪ್ರಕಟವಾದ ಥಾಮಸ್ ಗಿಲೋವಿಚ್ ತಂಡದ ಪ್ರಯೋಗವನ್ನು. ಮುಜುಗರ ತರುವ ಟಿ-ಶರ್ಟ್ ತೊಟ್ಟ ವಿದ್ಯಾರ್ಥಿಗಳು ಕೋಣೆಯ ಅರ್ಧದಷ್ಟು ಜನ ಅದನ್ನು ಗಮನಿಸಿರುತ್ತಾರೆ ಎಂದುಕೊಂಡಿದ್ದರು, ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ ಮಾತ್ರ. ಪ್ರಯೋಗ ಸರಿಯಾದದ್ದೇ. ಆದರೆ ಸಾರ್ವಜನಿಕ ಬದುಕಿನ ಹೆಂಗಸಿಗೆ ಅದನ್ನು ಹಾಗೇ ಅನ್ವಯಿಸಿದರೆ ಆಕೆ ಕಣ್ಣಾರೆ ಕಂಡದ್ದನ್ನು ಸುಳ್ಳೆಂದ ಹಾಗಾಗುತ್ತದೆ. ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫಾನೊವಿಕ್ ಒಂದು ವರ್ಷ ಹೆಚ್ಚುಕಡಿಮೆ ದಿನಾ ಒಂದೇ ನೀಲಿ ಸೂಟ್ ತೊಟ್ಟು ಬೆಳಗಿನ ಕಾರ್ಯಕ್ರಮ ನಡೆಸಿ, 2014ರಲ್ಲಿ ಅದನ್ನು ತಾವೇ ಬಹಿರಂಗಪಡಿಸಿದರು. ಅಲ್ಲಿಯವರೆಗೆ ಒಬ್ಬ ವೀಕ್ಷಕನೂ ಅದರ ಬಗ್ಗೆ ಮಾತೆತ್ತಿರಲಿಲ್ಲ. ಅದೇ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಲೀಸಾ ವಿಲ್ಕಿನ್ಸನ್ ಅವರ ಉಡುಪಿನ ಬಗ್ಗೆ ಮಾತ್ರ ಟೀಕೆಗಳು ಬರುತ್ತಲೇ ಇದ್ದವು. ಸುಮಾ ಅವರಿಗೆ ನಾನು ಇದನ್ನೇ ಹೇಳಿದೆ. ನೋಡುತ್ತಾರೆ, ನಿಮ್ಮ ಅನುಭವ ನಿಜ. ಅಳತೆಗೋಲು ಇಬ್ಬರಿಗೂ ಒಂದೇ ಅಲ್ಲ.

ಹಾಗಾದರೆ ಯಾರೂ ಏನೂ ಅನ್ನದ ಬಟ್ಟೆ ಯಾವುದು? ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಇದುವರೆಗೆ ಕೇಳಿದ ಮಾತುಗಳನ್ನೆಲ್ಲ ಬರೆಯಿಸಿದೆ. ಒಂದು ಕಡೆ ಗ್ರ್ಯಾಂಡ್, ಇನ್ನೊಂದು ಕಡೆ ಸಪ್ಪೆ. ಒಂದು ಕಡೆ ವಯಸ್ಸು ಮುಚ್ಚಿಕೊಳ್ಳುತ್ತಾಳೆ, ಇನ್ನೊಂದು ಕಡೆ ವಯಸ್ಸಾದವಳ ಹಾಗೆ ಕಾಣುತ್ತಾಳೆ. ಎರಡೂ ಕಾಲಂ ಸಮಸಮ ತುಂಬಿದವು. ಮಧ್ಯದಲ್ಲಿ ಜಾಗ ಉಳಿಯಲಿಲ್ಲ. ಜರ್ಮನಿಯನ್ನು ಆಳಿದ ಆಂಗೆಲಾ ಮರ್ಕೆಲ್ ಅವರನ್ನು ಸಾದಾ ಜಾಕೆಟ್ಟಿಗೆಂದು ಲೇವಡಿ ಮಾಡಿದರು, 2008ರಲ್ಲಿ ಓಸ್ಲೋದ ಒಪೆರಾ ಉದ್ಘಾಟನೆಗೆ ಸಂಜೆಯುಡುಗೆ ತೊಟ್ಟು ಹೋದಾಗ ಅದೇ ಸುದ್ದಿಯಾಯಿತು. ಆದ್ದರಿಂದ 'ಸ್ವಲ್ಪ ಸಾದಾ ಉಡುಪಿನಲ್ಲಿ ಹೋಗಿ, ಸರಿಹೋಗುತ್ತದೆ' ಎಂಬ ಸಲಹೆಯನ್ನು ನಾನು ಕೊಡುವುದಿಲ್ಲ. ವ್ಯವಹಾರ ಗೊತ್ತಿಲ್ಲದ ಹಟ ಎಂದು ಇದನ್ನು ಟೀಕಿಸುವವರಿದ್ದಾರೆ. ಆದರೆ ಆ ಸಲಹೆ ಕೊಟ್ಟ ಕೂಡಲೇ ಹುಡುಕಾಟದ ಹೊಣೆ ಮತ್ತೆ ಆಕೆಯ ತಲೆಯ ಮೇಲೇ ಬೀಳುತ್ತದೆ, ಮತ್ತು ಆ ಹುಡುಕಾಟಕ್ಕೆ ಕೊನೆಯಿಲ್ಲ.

ನಾವು ಮಾಡಿದ್ದು ಬಟ್ಟೆಯ ನಿರ್ಧಾರವನ್ನು ಕಾರ್ಯಕ್ರಮದ ಸಂಜೆಯಿಂದ ಕಿತ್ತು ಬೇರೆಡೆ ಇಟ್ಟದ್ದು. ಯಾವ ಕಾರ್ಯಕ್ರಮವೂ ಇಲ್ಲದ ವಾರದಲ್ಲಿ ಐದು ಜೊತೆ ಆರಿಸುವುದು. ಆಯ್ಕೆ ಅವರದ್ದೇ. ನಾನು ಬಣ್ಣ, ಉದ್ದದ ಬಗ್ಗೆ ಬಾಯಿಬಿಡಲಿಲ್ಲ. ಪರೀಕ್ಷೆ ಮಾತ್ರ ಕೆಲಸಕ್ಕೆ ಸಂಬಂಧಿಸಿದ್ದು. ಬೋರ್ಡಿನ ಮೇಲ್ತುದಿಗೆ ಕೈ ಎತ್ತಿದಾಗ, ಕೂತಾಗ, ಮೆಟ್ಟಿಲು ಹತ್ತುವಾಗ ಎಳೆದು ಸರಿಮಾಡಿಕೊಳ್ಳುವ ಅಗತ್ಯ ಬರಬಾರದು. ಕಾಲರ್ ಮೈಕಿನ ಕ್ಲಿಪ್ ಹಿಡಿಯಲು ಎದೆಯ ಮೇಲ್ಭಾಗದಲ್ಲಿ ಗಟ್ಟಿ ಅಂಚು ಬೇಕು, ಅದರ ಬ್ಯಾಟರಿ ಪೆಟ್ಟಿಗೆಗೆ ಜೇಬು ಅಥವಾ ಬೆಲ್ಟು ಬೇಕು. ಬಹಳಷ್ಟು ಮೈಕುಗಳು ಗಂಡಸರ ಕೋಟು-ಬೆಲ್ಟಿನ ಲೆಕ್ಕದಲ್ಲೇ ತಯಾರಾದವು. ವೇದಿಕೆಯ ಮೇಲೆ ಹೆಂಗಸೊಬ್ಬಳು ಅದನ್ನು ಎಲ್ಲಿ ಸಿಕ್ಕಿಸುವುದೆಂದು ತಡಕಾಡುವಾಗ ಜನ ಆಕೆಯನ್ನೇ ದೋಷಿಯೆಂಬಂತೆ ನೋಡುತ್ತಾರೆ. ಸರ ಅಥವಾ ಹೊದಿಕೆಯ ತುದಿ ಮೈಕಿಗೆ ತಾಗಿದರೆ ಕರಕರ ಸದ್ದು ಬರುತ್ತದೆ. ಒತ್ತೊತ್ತಾದ ಸಣ್ಣ ಗೆರೆಗಳ ಬಟ್ಟೆ ಕ್ಯಾಮೆರಾದಲ್ಲಿ ಅಲೆಯಲೆಯಾಗಿ ನಡುಗಿದಂತೆ ಕಾಣುತ್ತದೆ. ಇಷ್ಟು ನೋಡಿ ಐದನ್ನೂ ಒಂದರ ಹಿಂದೆ ಒಂದು ತೂಗುಹಾಕಬೇಕು. ಸರದಿಯಲ್ಲಿ ಯಾವುದು ಬಂತೋ ಅದು. ಫೋಟೋ ಯಾರಿಗೂ ಹೋಗಕೂಡದು.

ಇದು ಎಡವುವುದು ಎರಡು ಕಡೆ. ಮೊದಲ ಕೆಲವು ವಾರ ಆತಂಕ ಇಳಿಯುವುದಿಲ್ಲ, ಏರುತ್ತದೆ. ಕೇಳಿ ಸಮಾಧಾನ ಪಡೆಯುವ ಅಭ್ಯಾಸ ಹತ್ತು ನಿಮಿಷ ನೆಮ್ಮದಿ ಕೊಟ್ಟು ಮತ್ತಷ್ಟು ಕೇಳುವಂತೆ ಮಾಡುತ್ತಿತ್ತು. ಅದು ನಿಂತಾಗ ಮನಸ್ಸು ಚಡಪಡಿಸುವುದು ಸಹಜ. ಇದನ್ನು ಮುಂಚೆಯೇ ಹೇಳದಿದ್ದರೆ 'ಈ ವಿಧಾನ ನನಗೆ ಒಗ್ಗಲ್ಲ' ಎಂದು ಬಿಟ್ಟುಬಿಡುತ್ತಾರೆ. ಸುಮಾ ತಂಗಿಗೂ ನಾವು ಒಂದು ವಾಕ್ಯ ಬರೆದುಕೊಟ್ಟೆವು: 'ಅಕ್ಕ, ಬಟ್ಟೆ ಬಗ್ಗೆ ನಾನು ಏನೂ ಹೇಳಲ್ಲ, ನಾಳೆ ಏನು ಮಾತಾಡ್ತೀಯ ಹೇಳು.' ಎರಡನೆಯದು, ಐದೂ ಜೊತೆ ಕಣ್ಣಿಗೆ ಬೀಳದಂಥ ಬಣ್ಣಗೆಟ್ಟ ಬಟ್ಟೆಗಳೇ ಆಗಿಬಿಡುವುದು. ಅದು ಅಡಗಿಕೊಳ್ಳುವ ಹೊಸ ದಾರಿ. ಐದರಲ್ಲಿ ಎರಡಾದರೂ ಅವರು ಆಸೆಪಟ್ಟು ಕೊಂಡವು ಇರಲೇಬೇಕು ಎಂದು ಪಟ್ಟು ಹಿಡಿದೆ.

ಇನ್ನು ಉತ್ತರ. ಸುಮ್ಮನಿದ್ದುಬಿಡಿ, ಆನೆ ಹೋಗುತ್ತಿದ್ದರೆ ನಾಯಿ ಬೊಗಳುತ್ತದೆ ಎಂದು ಮನೆಯವರು ಹೇಳಿದ್ದರು. ನಾನು ಒಪ್ಪಲಿಲ್ಲ. ಅಮೆರಿಕದಲ್ಲಿ 2013ರಲ್ಲಿ ಮತದಾರರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ, ಅಭ್ಯರ್ಥಿಯಾದ ಹೆಂಗಸಿನ ರೂಪದ ಬಗ್ಗೆ ಸುದ್ದಿಯಲ್ಲಿ ಬಂದ ಮಾತು ಹೊಗಳಿಕೆಯಾದರೂ ಆಕೆಗೆ ಬೆಂಬಲ ತಗ್ಗಿಸಿತು. ಆಕೆ ಅದನ್ನು ನೇರವಾಗಿ ಪ್ರಶ್ನಿಸಿದಾಗ ಕಳೆದ ಬೆಂಬಲ ಮರಳಿತು. ಹಾಗಾಗಿ ಉತ್ತರಿಸಬೇಕು, ಆದರೆ ಚಿಕ್ಕದಾಗಿ: 'ಬಟ್ಟೆಯ ವಿಷಯ ಇಲ್ಲಿ ಬೇಡ ಸರ್. ಎರಡನೇ ಪುಟದ ಅಂಕಿ ನೋಡಿದ್ರಾ?' ಒಂದು ತಡೆ, ಒಂದು ಪ್ರಶ್ನೆ. ಪ್ರಶ್ನೆ ನಿರ್ದಿಷ್ಟವಾಗಿರಬೇಕು, ಆಗ ಎದುರಿನವರು ಅದಕ್ಕೇ ಬಾಯಿ ತೆರೆಯಬೇಕಾಗುತ್ತದೆ. ಕೋಣೆಯಲ್ಲಿ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿದೆ. ಮೊದಲು ಪ್ರತಿ ಸಲವೂ ಕೊನೆಯಲ್ಲಿ ಒಂದು ನಗೆ, ಇಲ್ಲವೇ 'ಬೇಜಾರು ಮಾಡ್ಕೋಬೇಡಿ', ಇಲ್ಲವೇ ಈ ಬಟ್ಟೆ ಯಾಕೆ ಹಾಕಿದೆ ಎಂಬ ವಿವರಣೆ ಸೇರಿಕೊಳ್ಳುತ್ತಿತ್ತು. ವಿವರಣೆ ಕೊಟ್ಟರೆ ಚರ್ಚೆಗೆ ಬಾಗಿಲು ತೆರೆದಂತೆ. ಮೂರನ್ನೂ ಬಿಡಿಸಲು ಒಂದು ಭೇಟಿ ಪೂರ್ತಿ ಹಿಡಿಯಿತು. ಮಾತು ಲೈಂಗಿಕ ಧಾಟಿಗೆ ತಿರುಗಿದರೆ ಇದಾವುದೂ ಸಾಲದು. ದಿನಾಂಕ, ಸಮಯ, ಆಡಿದ ಪದ, ಅಲ್ಲಿದ್ದವರ ಹೆಸರು ಅಂದೇ ಬರೆದಿಟ್ಟು ದೂರು ಕೊಡಬೇಕು.

ಸಂಘಟಕರಿಗೆ ಐವತ್ತು ಪದದ ಪರಿಚಯವನ್ನು ಬರೆದು ಕಳಿಸುವುದರಿಂದ 'ನಮ್ಮ ನಡುವಿನ ಸುಂದರ ಎಂಜಿನಿಯರ್' ಎಂಬಂಥ ಸ್ವಾಗತ ಬಹುಮಟ್ಟಿಗೆ ತಪ್ಪುತ್ತದೆ. ವಿಡಿಯೋವನ್ನು ಮೊದಲು ಕೇಳುವುದು, ಪರದೆ ಮುಚ್ಚಿ. ಏನು ಹೇಳಿದೆ ಎಂದು ಮೂರು ಸಾಲು ಬರೆದ ಮೇಲೆ ಒಮ್ಮೆ ನೋಡುವುದು.

ಅಭ್ಯಾಸದ ನಡುವೆ ಸುಮಾ ಇನ್ನೊಂದು ಮಾತು ಹೇಳಿದರು. ತಮಗಿಂತ ಕಿರಿಯ ಸಹೋದ್ಯೋಗಿಯ ಬಗ್ಗೆ 'ಈ ಹುಡುಗಿ ಪ್ರೆಸೆಂಟೇಶನ್‌ಗೆ ಬಂದಿದ್ದಾಳೋ ಮದುವೆಗೋ' ಎಂದು ತಾವೂ ಅಂದಿದ್ದರಂತೆ. ಅದಕ್ಕಾಗಿ ಕೊರಗುತ್ತಾ ಕೂರಬೇಡಿ, ಮುಂದಿನ ಸಭೆ ಮುಗಿದ ಕೂಡಲೇ ಆ ಹುಡುಗಿ ಮಂಡಿಸಿದ ವಿಷಯದ ಬಗ್ಗೆ ಒಂದು ಪ್ರಶ್ನೆ ಕೇಳಿ ಎಂದೆ. ಕೇಳಿದರು. ಇಬ್ಬರೂ ಈಗ ಸಭೆಗಳಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದಾರೆ. ಒಬ್ಬರ ಬಟ್ಟೆಯ ಬಗ್ಗೆ ಮಾತು ಬಂದರೆ ಇನ್ನೊಬ್ಬರು ಅವರ ಅಂಕಿಯ ಬಗ್ಗೆ ಪ್ರಶ್ನೆ ಎತ್ತುತ್ತಾರೆ. ತನಗಾಗಿ ತಾನೇ ಹೇಳುವುದಕ್ಕಿಂತ ಇದು ಸುಲಭ, ಪರಿಣಾಮವೂ ಹೆಚ್ಚು.

ಪಂಪಿನ ಅಂಕಿಯನ್ನು ಅವರು ಲಿಖಿತವಾಗಿ ಕೊಟ್ಟು ನಡಾವಳಿಯಲ್ಲಿ ತಿದ್ದಿಸಿದರು. ಮೇಲಧಿಕಾರಿ ಈಗಲೂ ಆಗಾಗ ಮಾತಾಡುತ್ತಾರೆ, ಮೊದಲಿಗಿಂತ ಕಡಿಮೆ. ಕೊನೆಯ ಭೇಟಿಯಲ್ಲಿ ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಡಲೇ ಎಂದು ಸುಮಾ ಕೇಳಿದರು. ಬಿಡಿ, ಬಿಡಬೇಡಿ, ಎರಡನ್ನೂ ನಾನು ಹೇಳಲಿಲ್ಲ. ಯಾರಾದರೂ ಕೂದಲಿನ ಬಗ್ಗೆ ಮಾತಾಡಿದ ಒಂದು ತಿಂಗಳೊಳಗೆ ಮಾತ್ರ ಆ ನಿರ್ಧಾರ ಬೇಡ ಎಂದೆ. ಅವರು ಕ್ಯಾಲೆಂಡರ್ ತೆಗೆದು ಕೊನೆಯ ಸಲ ಅಂಥ ಮಾತು ಬಂದ ದಿನದಿಂದ ಎಣಿಸಿ, ಇನ್ನೂ ಹನ್ನೊಂದು ದಿನ ಇದೆ ಎಂದರು.